ಹೂ ಕಂಡ ಮೇಲೆ ಮದ್ದು

ಆಷಾಢದಲ್ಲಿ ಮದುವೆಗಳಿಲ್ಲ. ಬ್ಯಾಡರಹಳ್ಳಿಯ ನನ್ನ ಸ್ಟುಡಿಯೋದಲ್ಲಿ ಆ ತಿಂಗಳು ಪಾಸ್‌ಪೋರ್ಟ್ ಸೈಜ್ ಫೋಟೋ ಬಿಟ್ಟರೆ ಹೆಚ್ಚಿನ ಕೆಲಸವಿರುವುದಿಲ್ಲ. ಬಂಡೆಗಳ ಮೇಲಿನ ಗಿಡಗಳಿಗೆ ಮಾತ್ರ ಅದೇ ಸುಗ್ಗಿ. ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ವರ್ಷವಿಡೀ ಒಣಕಡ್ಡಿಯಂತಿದ್ದದ್ದು ಮೊಗ್ಗು ಹಿಡಿಯುತ್ತದೆ. ಬೆಳಗಿನ ಜಾವ ಬೈಕ್ ಹತ್ತಿ ಮಾಗಡಿ ರಸ್ತೆ ಹಿಡಿಯುತ್ತೇನೆ. ತಾವರೆಕೆರೆ ದಾಟಿ ಸಾವನದುರ್ಗದ ದಿಕ್ಕಿಗೆ ಹೋದಂತೆ ಮನೆಗಳು ಕಡಿಮೆಯಾಗಿ ಕಲ್ಲು ಹೆಚ್ಚಾಗುತ್ತದೆ.

ಮರುಭೂಮಿಯ ಗಿಡ ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ. ಬಂಡೆಯ ಸಂದಿಯಲ್ಲಿ ಒಂದು ಹಿಡಿ ಮಣ್ಣಿದ್ದರೆ ಹೆಚ್ಚು. ಬಿದ್ದ ಮಳೆ ಆಗಲೇ ಹರಿದುಹೋಗುತ್ತದೆ, ಮಧ್ಯಾಹ್ನಕ್ಕೆ ಕಲ್ಲು ಕಾಲಿಡಲಾಗದಷ್ಟು ಕಾಯುತ್ತದೆ. ಅಲ್ಲಿ ಬದುಕಬೇಕಾದ ಗಿಡ ಎಲೆಯ ಆಸೆ ಬಿಟ್ಟು, ಕಾಂಡದಲ್ಲೇ ನೀರು ತುಂಬಿಕೊಂಡು ಕೂರುತ್ತದೆ.

ಈ ಗಿಡಗಳ ಮದ್ದಿನ ಗುಣ ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಪಕ್ಕದ ಬೀದಿಯ ಅಕ್ಕನೊಬ್ಬರು ಒಂದು ಚಿತ್ರ ತೋರಿಸಿ, "ಅಣ್ಣಾ, ಇದು ಮಂಗರವಳ್ಳಿ ತಾನೇ? ಮೂಳೆಗೆ ಒಳ್ಳೇದಂತೆ, ಚಟ್ನಿ ಮಾಡ್ಲಾ?" ಎಂದು ಕೇಳಿದರು. ಚಿತ್ರದಲ್ಲಿದ್ದದ್ದು ಹಸಿರು ಚೌಕ ಕಾಂಡದ ಒಂದು ತುಂಡು, ಅಷ್ಟೇ. "ಹೂವಿನ ಫೋಟೋ ಇದ್ಯಾ ಅಕ್ಕಾ?" ಎಂದೆ. ಇರಲಿಲ್ಲ. ಹಾಗಾದರೆ ಬೇಡ ಎಂದೆ.

ಯಾಕೆಂದರೆ ನಮ್ಮ ಬಯಲುಸೀಮೆಯಲ್ಲಿ ಚೌಕ ಕಾಂಡದ್ದು ಒಂದೇ ಗಿಡವಲ್ಲ. ಬೇಲಿಗೆ ಹಬ್ಬುವ ಮಂಗರವಳ್ಳಿ ಒಂದು. ಕೆಲವರು ಮಂಗನಕೋಡು ಎನ್ನುವ ಕ್ಯಾರಲ್ಲೂಮಾ ಇನ್ನೊಂದು. ಎಳೆಯ ಕಳ್ಳಿಯೂ ಮೂರು ನಾಲ್ಕು ಮೂಲೆ ತೋರಿಸಿಕೊಂಡು ಇವುಗಳ ಪಕ್ಕದಲ್ಲೇ ನಿಂತಿರುತ್ತದೆ. ಮೊದಲನೆಯದನ್ನು ಚಟ್ನಿಗೆ ಅರೆಯುತ್ತಾರೆ, ಎರಡನೆಯದನ್ನು ಹಸಿವು ತಡೆಯಲು ಹಸಿಯಾಗಿಯೇ ಅಗಿಯುತ್ತಾರೆ. ಮೂರನೆಯದರ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕಾಂಡದ ತುಂಡು ನೋಡಿ ಗೊಂದಲವಾಗಬಹುದು, ಹೂವು ನೋಡಿದರೆ ಗೊಂದಲವೇ ಇಲ್ಲ. ಮಂಗರವಳ್ಳಿಯದು ಸಾಸಿವೆಗಿಂತ ತುಸು ದೊಡ್ಡದಾದ, ನಾಲ್ಕೇ ಎಸಳಿನ ಹೂಗೊಂಚಲು. ಕ್ಯಾರಲ್ಲೂಮಾದ್ದು ಐದು ಮೂಲೆಯ ನಕ್ಷತ್ರ. ಕಳ್ಳಿಯ ಹೂವಿಗೆ ಎಸಳೇ ಇಲ್ಲ, ಕಾಂಡಕ್ಕೆ ಅಂಟಿದ ಪುಟ್ಟ ಬಟ್ಟಲುಗಳು.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಯಿಸುವುದು ಕ್ಯಾರಲ್ಲೂಮಾ. ಹೂವು ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್, ಅದೂ ಕಾಂಡದ ತುದಿಯಲ್ಲಿ ತಲೆ ತಗ್ಗಿಸಿ ತೂಗುತ್ತದೆ. ಬಂಡೆಯ ಮೇಲೆ ಮಲಗಿ ಕೆಳಗಿನಿಂದ ನೋಡಿದರೆ ಮಾತ್ರ ಮುಖ ಕಾಣುತ್ತದೆ: ಕಡುನೇರಳೆ ಎಸಳು, ಹಳದಿ ಪಟ್ಟಿ, ಅಂಚಿನಲ್ಲಿ ಗಾಳಿಗೆ ಅಲುಗುವ ಸಣ್ಣ ಕೂದಲು. ವಾಸನೆ ಕೊಳೆತ ಮಾಂಸದ್ದು. ನೊಣಗಳು ಮೋಸಹೋಗಿ ಬಂದು ಪರಾಗ ಹೊತ್ತು ಹೋಗುತ್ತವೆ. ನೊಣ ಕೂತಾಗ ಕ್ಲಿಕ್ಕಿಸಬೇಕು, ಆ ಗಿಡದ ಪೂರ್ತಿ ಕಥೆ ಅದೊಂದೇ ಫ್ರೇಮಿನಲ್ಲಿದೆ. ಬೂದುಬಣ್ಣದ ಕಲ್ಲಿನ ಬೆಳಕನ್ನು ಅಳೆದರೆ ಹೂವು ಕರಿಚುಕ್ಕೆಯಾಗುತ್ತದೆ, ಆದ್ದರಿಂದ ಹೂವಿನ ಮೇಲೆಯೇ ಸ್ಪಾಟ್ ಮೀಟರಿಂಗ್ ಮಾಡುತ್ತೇನೆ. ನೂರು ಎಂಎಂ ಮ್ಯಾಕ್ರೋ ಲೆನ್ಸ್, ಎಫ್ 11, ಫ್ಲಾಶಿನ ಮುಂದೆ ಒಂದು ತುಂಡು ಬಟರ್ ಪೇಪರ್. ಮಂಜಿನ ಹನಿ ಬೇಕೆಂದು ನೀರು ಚಿಮುಕಿಸುವವರಿದ್ದಾರೆ. ನಾನು ಮಾಡುವುದಿಲ್ಲ. ಅದು ಇದ್ದಂತೆಯೇ ಚೆಂದ.

ಈ ಗಿಡದ ಮೇಲೆ ನಮ್ಮೂರಲ್ಲೇ ಒಂದು ಪರೀಕ್ಷೆ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ತೂಕ ಹೆಚ್ಚಿದ್ದ 50 ಜನರನ್ನು ಆರಿಸಿ, ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 1 ಗ್ರಾಂನಂತೆ 60 ದಿನ ಇದರ ಸಾರ ಕೊಟ್ಟರು, ಇನ್ನೊಂದು ಗುಂಪಿಗೆ ಹುಸಿಮಾತ್ರೆ. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾರ ತೆಗೆದುಕೊಂಡವರ ಹಸಿವೂ ಸೊಂಟದ ಸುತ್ತಳತೆಯೂ ಕಡಿಮೆಯಾಗಿದ್ದವು. ತೂಕದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. "ತಿಂದರೆ ಸಣ್ಣಗಾಗ್ತೀರಿ" ಎನ್ನುವ ಜಾಹೀರಾತುಗಳು ಈ ಕೊನೆಯ ಮಾತನ್ನು ಹೇಳುವುದಿಲ್ಲ. ಆ ಜಾಹೀರಾತು ನಂಬಿ ಬಂಡೆಯ ಗಿಡವನ್ನು ಬೇರುಸಮೇತ ಕೀಳುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮಂಗರವಳ್ಳಿಯ ಕಥೆಯಲ್ಲೂ ಒಬ್ಬ ಕನ್ನಡಿಗರಿದ್ದಾರೆ. ಕರಾವಳಿಯಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ ಆಯುರ್ವೇದ ಕಲಿತು, ಮುಂದೆ ವಿದೇಶದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಡಾ. ಕೆ. ಎನ್. ಉಡುಪ. ಮುರಿದ ಮೂಳೆಗೆ ಹಳ್ಳಿಯವರು ಇದನ್ನು ಕಟ್ಟುವುದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಅವರು ಮತ್ತು ಗುರುಚರಣ್ ಪ್ರಸಾದ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು. ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಮೂಳೆ ಬೆಸೆಯುವ ವೇಗವನ್ನೂ ಅಳೆದರು. 1964ರಲ್ಲಿ ಪ್ರಕಟಿಸಿದ ಲೇಖನಗಳ ಪ್ರಕಾರ ಮದ್ದು ಕೊಟ್ಟ ಪ್ರಾಣಿಗಳಲ್ಲಿ ಮೂಳೆ ಬೇಗ ಕೂಡಿಕೊಂಡಿತ್ತು. ಹಾಗೆಂದು ಕಾಲು ಮುರಿದರೆ ಪ್ಲಾಸ್ಟರ್ ಬೇಡ ಎಂದಲ್ಲ. ಚಟ್ನಿಗೆ ಎಳೆಯ ಕುಡಿಯನ್ನೇ ಆರಿಸಿ, ನಾರು ತೆಗೆದು, ಚೆನ್ನಾಗಿ ಹುರಿದು, ಹುಣಸೆಹಣ್ಣು ಧಾರಾಳವಾಗಿ ಹಾಕಬೇಕು. ಅದರೊಳಗಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ ಹಸಿ ಕಾಂಡ ನಾಲಿಗೆ ಗಂಟಲನ್ನು ತುರಿಸುತ್ತದೆ.

ಕಳ್ಳಿಗೂ ಮದ್ದಿನಲ್ಲಿ ಸ್ಥಾನವಿದೆ, ಆದರೆ ವೈದ್ಯರ ಕೈಯಲ್ಲಿ. ಎಲೆಗಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಇವನ್ನು ದಾರಕ್ಕೆ 21 ಸಲ ಬಳಿದು ಒಣಗಿಸಿದರೆ ಕ್ಷಾರಸೂತ್ರ. ಭಗಂದರಕ್ಕೆ, ಅಂದರೆ ಗುದದ ಬಳಿಯ ಫಿಸ್ಟುಲಾಕ್ಕೆ, ಅದನ್ನು ಕಟ್ಟುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ 1991ರಲ್ಲಿ ವರದಿ ಕೊಟ್ಟಿತು. ದಾರ ಕಟ್ಟಿದವರಿಗೆ ವಾಸಿಯಾಗಲು ಸುಮಾರು ಎಂಟು ವಾರ ಬೇಕಾಯಿತು, ಶಸ್ತ್ರಚಿಕಿತ್ಸೆಯಾದವರಿಗೆ ನಾಲ್ಕು. ಆದರೆ ಕಾಯಿಲೆ ಮರುಕಳಿಸಿದ್ದು ದಾರದವರಲ್ಲಿ ನೂರಕ್ಕೆ 4, ಶಸ್ತ್ರಚಿಕಿತ್ಸೆಯವರಲ್ಲಿ 11. ಬೇಲಿಯಲ್ಲಿ ನಾವು ದೂರವಿಡುವ ಹಾಲಿಗೆ ಎಂಥ ಕೆಲಸ!

ಚಳಿಗಾಲಕ್ಕೆ ಬೈಕ್ ಹತ್ತಬೇಕಿಲ್ಲ. ಮಹಡಿಯ ಮೇಲಿನ ಕುಂಡಗಳಲ್ಲಿ ಕಾಡುಬಸಳೆ ಗಂಟೆಯಂಥ ಹೂ ತೂಗಿಸುತ್ತದೆ, ಎಳೆಬಿಸಿಲು ಹಿಂದಿನಿಂದ ಬಿದ್ದರೆ ಹೂವಿನೊಳಗೆ ದೀಪ ಹಚ್ಚಿದ ಹಾಗೆ. ಸೂರಕ್ಕಿಗಳೂ ಬರುತ್ತವೆ. ಎಲೆಯನ್ನು ಬಾಡಿಸಿ ಕುರು, ಗಾಯಗಳಿಗೆ ಕಟ್ಟುವುದು ಹಳೆಯ ರೂಢಿ. ಒಂದು ಕಾಲಕ್ಕೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನೆ ಈ ಎಲೆಯನ್ನು ಅಗಿದು ನೋಡಿದ: ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ. 1813ರಲ್ಲಿ ಅವನು ಬರೆದ ಪತ್ರವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಅಚ್ಚುಹಾಕಿತು. ಮರುಭೂಮಿಯ ಗಿಡಗಳ ಗುಟ್ಟು ಆ ಹುಳಿಯಲ್ಲೇ ಇದೆ. ಹಗಲು ಬಾಯಿ ತೆರೆದರೆ ನೀರು ಆವಿಯಾಗುತ್ತದೆ. ಅದಕ್ಕೇ ರಾತ್ರಿ ಉಸಿರಾಡಿ, ಒಳಗೆಳೆದ ಇಂಗಾಲವನ್ನು ಆಮ್ಲವಾಗಿ ಕೂಡಿಡುತ್ತವೆ, ಬಿಸಿಲು ಬಂದ ಮೇಲೆ ಅದರಿಂದ ಅಡುಗೆ ಮಾಡಿಕೊಳ್ಳುತ್ತವೆ. ಮೂತ್ರಪಿಂಡದ ಕಲ್ಲು ಕರಗುತ್ತದೆಂದು ದಿನವೂ ಕಾಡುಬಸಳೆಯ ಎಲೆ ತಿನ್ನುವವರಿಗೆ ಒಂದು ಮಾತು: ಇದೇ ಗಿಡದಲ್ಲಿ ಹೃದಯದ ಮೇಲೆ ಕೆಲಸ ಮಾಡುವ ವಿಷಾಂಶವೂ ಇದೆ, ಮೇದ ದನಗಳು ಸತ್ತದ್ದುಂಟು. ವೈದ್ಯರನ್ನು ಕೇಳದೆ ಬೇಡ.

ಗಿಡದ ಗುರುತು ಬೇಕೆನ್ನುವವರಿಗೆ ನಾನು ಹೇಳುವುದಿಷ್ಟು. ಹೂವಿನ ಮುಖದ ಒಂದು ಚಿತ್ರ, ಪಕ್ಕದಿಂದ ಇನ್ನೊಂದು. ಕಾಂಡದ ಗಿಣ್ಣು ಕಾಣುವಂತೆ ಮತ್ತೊಂದು. ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಇಡೀ ಗಿಡದ್ದೂ ಒಂದು. ಕಾಂಡ ಮುರಿಯುವುದು ಬೇಡ. ಮುರಿದು ಬಿದ್ದ ತುಂಡಿನಲ್ಲಿ ಬಿಳಿ ಹಾಲು ಕಂಡರೆ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಆ ಚಿತ್ರಗಳನ್ನು ಹಿಡಿದು ಆಯುರ್ವೇದ ಕಾಲೇಜಿನ ದ್ರವ್ಯಗುಣ ಅಧ್ಯಾಪಕರ ಬಳಿಯೋ ಸಸ್ಯಶಾಸ್ತ್ರದ ಮೇಷ್ಟರ ಬಳಿಯೋ ಹೋಗಿ. ಪಕ್ಕದ ಬೀದಿಯ ಅಕ್ಕನಿಗೂ ಇದನ್ನೇ ಹೇಳಿದ್ದೇನೆ, ಮಳೆ ಬರಲಿ, ಹೂವಾದಾಗ ನಾನೇ ಬಂದು ತೆಗೆದುಕೊಡುತ್ತೇನೆ ಎಂದು.