ಆಫೀಸಿಗೇ ಸಾಲದ ಫೋನ್ ಬಂದರೆ...

ಮಗನ ಕಾಲೇಜು ಫೀಸಿಗೆ ಪರ್ಸನಲ್ ಲೋನ್, ಅತ್ತೆಯ ಆಪರೇಷನ್‌ಗೆ ಕ್ರೆಡಿಟ್ ಕಾರ್ಡ್, ಹಬ್ಬಕ್ಕೆ ಕಂತಿನಲ್ಲಿ ತಂದ ಫ್ರಿಜ್... ಸಾಲವಿಲ್ಲದ ಮನೆ ಯಾವುದಿದೆ ಹೇಳಿ? ಎಲ್ಲ ಸರಿಯಿದ್ದಾಗ ಕಂತು ಸದ್ದಿಲ್ಲದೆ ಹೋಗುತ್ತಿರುತ್ತದೆ. ಸಂಬಳ ಎರಡು ತಿಂಗಳು ತಡವಾಯಿತೋ, ಶುರುವಾಯಿತು ನೋಡಿ ಕಾಟ. ಮೊದಲು ಮೊಬೈಲಿಗೆ, ಆಮೇಲೆ ಸೀದಾ ಆಫೀಸಿಗೆ! "ಮೇಡಂ ಬಾಕಿ ಯಾವಾಗ ಕಟ್ತಾರಂತೆ?" ಎಂದು ರಿಸೆಪ್ಷನ್ ಹುಡುಗಿಯ ಹತ್ತಿರ ಕೇಳಿದರೆ ಸಾಕು, ಊಟದ ಹೊತ್ತಿಗೆ ಆಫೀಸಿಗೆಲ್ಲ ಸುದ್ದಿ.

ನೀವು ಶಾಲೆಯಲ್ಲಿ ಪಾಠ ಹೇಳುವವರಿರಬಹುದು, ಅಂಗಡಿಯಲ್ಲಿ ಲೆಕ್ಕ ಬರೆಯುವವರಿರಬಹುದು, ಮನೆಯಲ್ಲೇ ಬ್ಲೌಸ್ ಹೊಲಿದುಕೊಡುವವರಿರಬಹುದು. ಗಿರಾಕಿಗಳ ಎದುರು ವಸೂಲಿಯವನು ಬಂದು ನಿಂತರೆ ನೆಲ ಬಿರಿಯಬಾರದೇ ಅನ್ನಿಸುತ್ತದೆ. ಹೆಂಗಸರು ಮರ್ಯಾದೆಗೆ ಅಂಜುತ್ತಾರೆ ಎನ್ನುವುದು ಅವರಿಗೂ ಗೊತ್ತು. ಆ ಅಂಜಿಕೆಯೇ ಅವರ ಬಂಡವಾಳ.

ಪಡೆದ ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವುದಕ್ಕೂ ಒಂದು ರೀತಿ ನೀತಿ ಇದೆಯಲ್ಲ?

ನಿಯಮ ಏನನ್ನುತ್ತದೆ?

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನಾಲ್ಕು ಜನರ ಮುಂದೆ ಅವಮಾನ ಮಾಡುವುದು, ಮನೆಯವರ, ಸ್ನೇಹಿತರ ಖಾಸಗಿತನಕ್ಕೆ ಕೈಹಾಕುವುದು ಯಾವುದೂ ಸಲ್ಲದು. ಏಜೆಂಟ್ ಏನು ಮಾಡಿದರೂ ಅದಕ್ಕೆ ಬ್ಯಾಂಕೇ ಹೊಣೆ. "ಅವರು ಹೊರಗಿನ ಏಜೆನ್ಸಿಯವರು" ಎಂದು ಬ್ಯಾಂಕಿನವರು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಕೆಲಸದ ಜಾಗಕ್ಕೆ ಬರಲೇಬಾರದೇ? ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕುಗಳ ಸಂಘದ ಮಾದರಿ ಸಂಹಿತೆಯಂತೆ ಗ್ರಾಹಕರನ್ನು ಅವರು ಹೇಳಿದ ಜಾಗದಲ್ಲಿ ಸಂಪರ್ಕಿಸಬೇಕು. ಜಾಗ ಹೇಳದಿದ್ದರೆ ಮನೆಯಲ್ಲಿ, ಮನೆಯಲ್ಲೂ ಸಿಗದಿದ್ದರೆ ಕೆಲಸದ ಜಾಗದಲ್ಲಿ. ಅಂದರೆ ನೀವು ಫೋನ್ ಎತ್ತದೆ, ಬಾಗಿಲು ತೆರೆಯದೆ ತಪ್ಪಿಸಿಕೊಂಡಷ್ಟೂ ಅವರಿಗೆ ಆಫೀಸಿಗೆ ಬರಲು ನೆಪ ಸಿಕ್ಕಂತೆ!

ಸ್ವಸಹಾಯ ಗುಂಪಿನಂತೆ ಗುಂಪು ಕಟ್ಟಿಕೊಂಡು ಮೈಕ್ರೋಫೈನಾನ್ಸ್ ಸಾಲ ಪಡೆದಿದ್ದೀರಾ? ಅದಕ್ಕೆ ಬೇರೆ ನಿಯಮ. ಕರೆ ಮಾಡುವ ಸಮಯ ಬೆಳಿಗ್ಗೆ 9ರಿಂದ ಸಂಜೆ 6. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ. ಸತತ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು.

ಫೋನ್ ಬಂದಾಗ ಹೀಗೆ ಹೇಳಿ

ಅಳಬೇಡಿ, ಕಿರುಚಬೇಡಿ, "ನಾಳೆ ಕಟ್ತೀನಿ" ಎಂದು ಸುಳ್ಳು ಭರವಸೆಯನ್ನೂ ಕೊಡಬೇಡಿ. ತಣ್ಣಗೆ ಇಷ್ಟು ಹೇಳಿ: "ಇದು ಕೆಲಸದ ಜಾಗ ಕಣ್ರೀ. ಇಲ್ಲಿಗೆ ಫೋನ್ ಮಾಡಬೇಡಿ. ನನ್ನ ಮೊಬೈಲಿಗೆ ಸಂಜೆ 6 ಗಂಟೆಗೆ ಮಾಡಿ, ಮಾತಾಡ್ತೀನಿ. ನಿಮ್ಮ ಹೆಸರು, ಏಜೆನ್ಸಿ, ಯಾವ ಬ್ಯಾಂಕ್ ಹೇಳಿ." ಹೇಳಿದಂತೆ ಸಂಜೆ ಫೋನ್ ಎತ್ತಿ ಮಾತಾಡಿ. ತಾರೀಕು, ಸಮಯ, ನಂಬರ್, ಆಡಿದ ಮಾತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿಗೆ ಬಂದ ಮೆಸೇಜುಗಳನ್ನು ಅಳಿಸಬೇಡಿ.

ಆಳೇ ಬಂದು ನಿಂತರೆ? ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಕೇಳಿ. ಇವೆರಡೂ ಅವನ ಹತ್ತಿರ ಇರಲೇಬೇಕು. ಇಲ್ಲದಿದ್ದರೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ.

ನಿಮ್ಮ ಮೇಲಧಿಕಾರಿಗೆ ಎರಡು ಮಾತಿನಲ್ಲಿ ನೀವೇ ಮೊದಲು ಹೇಳಿಬಿಡುವುದು ಜಾಣತನ. "ಸಂಬಳ ಹಿಡಿಸ್ತೀವಿ" ಎಂಬ ಬೆದರಿಕೆಗೆ ಹೆದರಬೇಡಿ. ಸಂಬಳದಿಂದ ಹಿಡಿದುಕೊಡಲು ನೀವೇ ಸಹಿ ಮಾಡಿಕೊಟ್ಟಿದ್ದರೆ ಬೇರೆ ಮಾತು, ಇಲ್ಲವಾದರೆ ಅದಕ್ಕೆ ಕೋರ್ಟಿನ ಆದೇಶ ಬೇಕು. "ಪೊಲೀಸರನ್ನು ಕರೆಸ್ತೀವಿ" ಅನ್ನುವುದೂ ಇಂಥದ್ದೇ. ಕಂತು ಕಟ್ಟಲಾಗದೇ ಹೋಗುವುದು ಸಿವಿಲ್ ವಿಷಯ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸು ಆಗಬಹುದು. ಹಾಗಾಗಿ ಅವಸರದಲ್ಲಿ ಚೆಕ್ ಬರೆದುಕೊಡಬೇಡಿ.

ಯಜಮಾನರ ಸಾಲ, ನಿಮಗೆ ಕಾಟವೇ?

ಬಹಳ ಗೃಹಿಣಿಯರ ಸಂಕಟ ಇದು. ಸಾಲ ಮಾಡಿದ್ದು ಗಂಡ, ಫೋನ್ ಬರುವುದು ಹೆಂಡತಿಗೆ. ಸಹ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ನೀವು ಸಹಿ ಹಾಕಿರದಿದ್ದರೆ, ಹೆಂಡತಿ ಎಂಬ ಒಂದೇ ಕಾರಣಕ್ಕೆ ಆ ಸಾಲ ನಿಮ್ಮ ತಲೆಗೆ ಬರುವುದಿಲ್ಲ. ಸಹಿ ಹಾಕಿದ್ದರೆ ಮಾತ್ರ ಸಾಲಗಾರರಷ್ಟೇ ಹೊಣೆ ನಿಮ್ಮದು. ನಾದಿನಿಗೋ ಗೆಳತಿಗೋ "ಬರೀ ಒಂದು ಸಹಿ ತಾನೇ" ಎಂದು ಜಾಮೀನು ನಿಲ್ಲುವ ಮೊದಲು ಹತ್ತು ಸಲ ಯೋಚಿಸಿ.

ಆದರೂ ನಿಲ್ಲದಿದ್ದರೆ?

ಮೊದಲು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಪತ್ರ ಅಥವಾ ಇ-ಮೇಲ್ ಬರೆಯಿರಿ. ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಸಂಪರ್ಕಿಸಬೇಕು, ಆಫೀಸಿಗೆ ಬರಬಾರದು ಎಂಬುದು ಸ್ಪಷ್ಟವಾಗಿರಲಿ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂಬುದನ್ನೂ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಇದಕ್ಕೆ ಫೀಸಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಅಶ್ಲೀಲ ಮಾತು, ಬೆದರಿಕೆ, ಫೋಟೊ ತಿರುಚಿ ಪರಿಚಯದವರಿಗೆ ಕಳಿಸುವುದು ಇವೆಲ್ಲ ಅಪರಾಧ. 30 ದಿನ ಕಾಯಬೇಡಿ, ಪೊಲೀಸ್ ಠಾಣೆಗೆ ಹೋಗಿ. ತುರ್ತಿದ್ದರೆ 112. ನೋಂದಣಿಯಿಲ್ಲದೆ ಬಡ್ಡಿಗೆ ಕೊಟ್ಟು ಕಿರುಕುಳ ಕೊಡುವವರ ಮೇಲೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಠಿಣ ಕಾನೂನೇ ಬಂದಿದೆ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಇವು ನೆನಪಿರಲಿ

* ಏಜೆಂಟ್ ಕೈಗೆ ನಗದು ಕೊಡಬೇಡಿ. ಸಾಲದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.
* "ಇಷ್ಟು ಕಟ್ಟಿದರೆ ಮುಗಿಯಿತು" ಎಂದರೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ದುಡ್ಡು ಕಟ್ಟಿ. ಹೀಗೆ ಕಡಿಮೆಗೆ ಮುಗಿಸಿದ್ದು ಸಿಬಿಲ್ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು.
* ಸಾಲ ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ.
* ಒಂದು ಸಾಲ ತೀರಿಸಲು ಮೊಬೈಲ್ ಆ್ಯಪ್‌ನಲ್ಲಿ ಇನ್ನೊಂದು ಸಾಲ ಮಾಡಬೇಡಿ.
* ಮನೆಯವರಿಂದ ಮುಚ್ಚಿಡಬೇಡಿ. ಒಂದು ಭಾನುವಾರ ಇಬ್ಬರೂ ಕೂತು ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು ಎಂದು ಪಟ್ಟಿ ಮಾಡಿ. ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ. ಲೆಕ್ಕ ಕಣ್ಣೆದುರಿಗಿದ್ದರೆ ಫೋನ್ ರಿಂಗಾದಾಗ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.