ಮೀಟರ್ ಮೇಲೆ 30 ರೂಪಾಯಿನಾ, ಒಂದೂವರೆ ಪಟ್ಟಾ? ಆಟೋ ಲೆಕ್ಕದಲ್ಲಿ ಸ್ಲೋಪ್, ಇಂಟರ್‌ಸೆಪ್ಟ್ ಪಾಠ

ಬೆಂಗಳೂರಿನಲ್ಲಿ ಆಟೋಗೆ ಕೈ ಅಡ್ಡ ಹಾಕಿದವರಿಗೆಲ್ಲ ಈ ಎರಡು ಮಾತು ಗೊತ್ತು. ಒಬ್ಬರು 'ಮೀಟರ್ ಮೇಲೆ 30 ರೂಪಾಯಿ ಕೊಡಿ' ಅಂತಾರೆ, ಇನ್ನೊಬ್ಬರು 'ಒನ್ ಅಂಡ್ ಹಾಫ್ ಕೊಡಿ' ಅಂತಾರೆ. ಯಾವುದು ಜೇಬಿಗೆ ಹಗುರ? ಉತ್ತರ ನಾವೆಲ್ಲ ಶಾಲೆಯಲ್ಲಿ ಬರೆದಿದ್ದ ಒಂದು ಸೂತ್ರದಲ್ಲಿದೆ: ವೈ = ಎಂ ಎಕ್ಸ್ + ಸಿ.

ಇಲ್ಲಿ ಎಕ್ಸ್ ಅಂದ್ರೆ ಹೋದ ದೂರ, ವೈ ಅಂದ್ರೆ ಕೊಡಬೇಕಾದ ದುಡ್ಡು. ಎಂ ಅನ್ನೋದು ಸ್ಲೋಪ್, ಅಂದರೆ ಇಳಿಜಾರು. ಸಿ ಅನ್ನೋದು ಇಂಟರ್‌ಸೆಪ್ಟ್, ಅಂದರೆ ಗೆರೆ ವೈ ಅಕ್ಷವನ್ನು ಮುಟ್ಟುವ ಜಾಗ.

ಮೊದಲು ಸ್ಲೋಪ್

2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಜಾರಿಗೆ ಬಂದ ದರ ನೋಡಿ. ಮೊದಲ 2 ಕಿಲೋಮೀಟರ್‌ಗೆ ಕನಿಷ್ಠ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18 ರೂಪಾಯಿ. ಹಾಗಾದರೆ 3 ಕಿ.ಮೀ.ಗೆ 54, 4ಕ್ಕೆ 72, 5ಕ್ಕೆ 90 ರೂಪಾಯಿ.

ಇದರಲ್ಲಿ ಯಾವುದಾದರೂ ಎರಡು ಪ್ರಯಾಣ ತಗೊಳ್ಳಿ. 5 ಕಿ.ಮೀ.ಗೆ 90, 3ಕ್ಕೆ 54. ದುಡ್ಡಿನ ವ್ಯತ್ಯಾಸ 36, ದೂರದ ವ್ಯತ್ಯಾಸ 2. ಭಾಗಿಸಿದರೆ 18. ಅದೇ ಸ್ಲೋಪ್. ಒಂದು ಹೆಜ್ಜೆ ಮುಂದೆ ಹೋದರೆ ಗೆರೆ ಎಷ್ಟು ಮೇಲೇರುತ್ತೆ ಅನ್ನೋ ಲೆಕ್ಕ, ಅಷ್ಟೇ.

ಇಂಟರ್‌ಸೆಪ್ಟ್ ಎಷ್ಟು?

ತಕ್ಷಣ '36' ಅನ್ನಬೇಕು ಅನ್ಸುತ್ತೆ. ಸ್ವಲ್ಪ ತಾಳಿ. ಇಂಟರ್‌ಸೆಪ್ಟ್ ಬೇಕಂದ್ರೆ ಗೆರೆಯನ್ನು ಹಿಂದಕ್ಕೆ, ದೂರ ಸೊನ್ನೆ ಆಗುವವರೆಗೆ ಎಳೀಬೇಕು. 2 ಕಿ.ಮೀ.ಗೆ 36, ಒಂದಕ್ಕೆ 18, ಸೊನ್ನೆಗೆ ಸೊನ್ನೆ! ಅಂದರೆ 2 ಕಿ.ಮೀ. ದಾಟಿದ ಮೇಲೆ ಬಾಡಿಗೆ ಬರೀ 18 ಎಕ್ಸ್, ಆ ಗೆರೆಯ ಇಂಟರ್‌ಸೆಪ್ಟ್ ಸೊನ್ನೆ.

ಹಾಗಾದರೆ ಕನಿಷ್ಠ ದರ ಏನು? ನಕ್ಷೆಯಲ್ಲಿ ಸೊನ್ನೆಯಿಂದ 2 ಕಿ.ಮೀ.ವರೆಗೆ 36ರ ಎತ್ತರದಲ್ಲಿ ಮಲಗಿರುವ ಗೆರೆ ಅದು. ಅದರ ಸ್ಲೋಪ್ ಸೊನ್ನೆ. 2ನೇ ಕಿಲೋಮೀಟರ್‌ನಲ್ಲಿ ಗೆರೆ ಮೇಲಕ್ಕೆ ತಿರುಗುತ್ತೆ. ಇದರಿಂದ ಒಂದು ಉಪಯೋಗ ಇದೆ: 2 ಕಿ.ಮೀ. ಮೀರಿದ ಪ್ರಯಾಣಕ್ಕೆ ದೂರವನ್ನು 18ರಿಂದ ಗುಣಿಸಿದರೆ ಸಾಕು, ಮೀಟರ್ ಸರಿ ಇದೆಯಾ ಅಂತ ಕೂತಲ್ಲೇ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಕಾಯುವ ಶುಲ್ಕ ಬೇರೆ.

ಈಗ ಇಬ್ಬರು ಚಾಲಕರ ವಿಷಯ

'ಮೀಟರ್ ಮೇಲೆ 30' ಅಂದರೆ ವೈ = 18 ಎಕ್ಸ್ + 30. ಇಂಟರ್‌ಸೆಪ್ಟ್ ಬದಲಾಯ್ತು, ಸ್ಲೋಪ್ ಹಾಗೇ ಇದೆ. ಇಡೀ ಗೆರೆ 30 ರೂಪಾಯಿ ಮೇಲೆ ಸರೀತು.

'ಒನ್ ಅಂಡ್ ಹಾಫ್' ಅಂದರೆ ವೈ = 27 ಎಕ್ಸ್. ಇಲ್ಲಿ ಸ್ಲೋಪ್ ಬದಲಾಯ್ತು, ಗೆರೆ ಕಡಿದಾಯ್ತು.

3 ಕಿ.ಮೀ.ಗೆ ಮೊದಲನೆಯವರು 84 ಕೇಳ್ತಾರೆ, ಎರಡನೆಯವರು 81. ಇಲ್ಲಿ ಒಂದೂವರೆ ಪಟ್ಟೇ ಅಗ್ಗ. ಆದರೆ 10 ಕಿ.ಮೀ.ಗೆ ಮೊದಲನೆಯವರಿಗೆ 210, ಎರಡನೆಯವರಿಗೆ 270! ಎರಡೂ ಗೆರೆ ಕೂಡುವುದು 18 ಎಕ್ಸ್ + 30 = 27 ಎಕ್ಸ್ ಆದಾಗ, ಅಂದರೆ ಸುಮಾರು 3.3 ಕಿ.ಮೀ.ನಲ್ಲಿ. ಅದಕ್ಕಿಂತ ದೂರ ಹೋಗುವವರಿಗೆ ಸ್ಲೋಪೇ ದುಬಾರಿ.

ಅಂದ ಹಾಗೆ, ಒಂದೂವರೆ ಪಟ್ಟು ಕೇಳೋಕೆ ನಿಯಮದಲ್ಲಿ ಅವಕಾಶ ಇರೋದು ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮಾತ್ರ.

ಇನ್ನೊಂದು ಇಂಟರ್‌ಸೆಪ್ಟ್

ಗೆರೆ ಎಕ್ಸ್ ಅಕ್ಷವನ್ನೂ ಮುಟ್ಟಬಹುದು. ಟ್ಯಾಂಕಿನಲ್ಲಿ 1000 ಲೀಟರ್ ನೀರಿದೆ, ಗಂಟೆಗೆ 50 ಲೀಟರ್ ಖರ್ಚಾಗುತ್ತೆ ಅಂದುಕೊಳ್ಳಿ. ವೈ = 1000 − 50 ಎಕ್ಸ್. ಸ್ಲೋಪ್ ಋಣಾತ್ಮಕ, ಗೆರೆ ಇಳೀತಾ ಹೋಗುತ್ತೆ. ವೈ ಇಂಟರ್‌ಸೆಪ್ಟ್ 1000, ಅದು ಆರಂಭದ ನೀರು. ಎಕ್ಸ್ ಇಂಟರ್‌ಸೆಪ್ಟ್ 20, ಅಂದರೆ 20 ಗಂಟೆಗೆ ಟ್ಯಾಂಕ್ ಖಾಲಿ.

ಮುಂದೆ ಯಾರಾದರೂ ದರ ಹೇಳಿದಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಇದು ಒಂದೇ ಸಲ ಸೇರುವ ದುಡ್ಡಾ, ಹೆಜ್ಜೆ ಹೆಜ್ಜೆಗೂ ಸೇರುವ ದುಡ್ಡಾ?