‘ಕಾಲಿಗೆ ಗುಂಡು ಹೊಡೆಯಬಹುದಿತ್ತಲ್ಲ?’: ಪೊಲೀಸರು, ಮಾನಸಿಕ ಅಸ್ವಸ್ಥರು ಮತ್ತು ಆ ಒಂದು ನಿಮಿಷ

ರಸ್ತೆಯಲ್ಲಿ ಒಬ್ಬ ಯುವಕ, ಕೈಯಲ್ಲಿ ಚಾಕು. ಇಬ್ಬರು ಪೊಲೀಸರು ಪಿಸ್ತೂಲು ಹಿಡಿದು ಹಿಂದೆ ಸರಿಯುತ್ತಾ ‘ಚಾಕು ಕೆಳಗೆ ಹಾಕು’ ಎಂದು ಕೂಗುತ್ತಿದ್ದಾರೆ. ಒಬ್ಬ ಮಹಿಳೆ ನಡುವೆ ಓಡಿ ಬಂದು ಅವನನ್ನು ತಡೆಯಲು ನೋಡುತ್ತಾಳೆ. ಮರುಕ್ಷಣ ಗುಂಡಿನ ಸದ್ದು. ಆ ಮಹಿಳೆ ಅವನ ತಾಯಿ.

ಇಂಥ ವಿಡಿಯೊಗಳು ವಿದೇಶದಲ್ಲಿ ಚಿತ್ರೀಕರಣವಾದರೂ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದೇ ಬರುತ್ತವೆ. ಜೊತೆಗೆ ಮೂರು ಮಾತುಗಳೂ ಬರುತ್ತವೆ. ಒಂದು, ‘ತಲೆ ಕೆಟ್ಟವರು ಅಪಾಯಕಾರಿ, ಪೊಲೀಸರು ಇನ್ನೇನು ಮಾಡಬೇಕಿತ್ತು?’ ಎರಡು, ‘ಕಾಲಿಗೆ ಹೊಡೆದಿದ್ದರೆ ಸಾಕಿತ್ತಲ್ಲ?’ ಮೂರು, ‘ನಮ್ಮಲ್ಲಾದರೆ ಎರಡು ಬಾರಿಸಿ ಲಾಕಪ್‌ಗೆ ಹಾಕುತ್ತಿದ್ದರು, ಅಷ್ಟೇ.’

ಈ ಮೂರೂ ಮಾತುಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ.

ಆ ದಿನ ನಡೆದದ್ದೇನು?

ಮೇಲೆ ಹೇಳಿದ ವಿಡಿಯೊ ಅಮೆರಿಕದ ಫಿಲಡೆಲ್ಫಿಯಾ ನಗರದ್ದು. ದಿನಾಂಕ 2020ರ ಅಕ್ಟೋಬರ್ 26. ಆ ಯುವಕನ ವಯಸ್ಸು 27. ಅವನಿಗೆ ಬೈಪೋಲಾರ್ ಕಾಯಿಲೆ ಇತ್ತು. ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉದ್ವೇಗಕ್ಕೂ ಕೆಲವು ಕಾಲ ಆಳವಾದ ಖಿನ್ನತೆಗೂ ಜಾರುವ ಸ್ಥಿತಿ. ಮನೆಯವರು ಅಂದು ಆಂಬುಲೆನ್ಸ್‌ಗಾಗಿ ಕರೆ ಮಾಡಿದ್ದರು ಎಂದು ಅವರ ವಕೀಲರು ಆಮೇಲೆ ಹೇಳಿದರು. ಆದರೆ ಬಂದವರು ಪೊಲೀಸರು. ಬಂದ ಒಂದು ನಿಮಿಷದೊಳಗೆ ಇಬ್ಬರೂ ಸೇರಿ 14 ಗುಂಡು ಹಾರಿಸಿದರು. ವಿದ್ಯುತ್ ಆಘಾತ ಕೊಟ್ಟು ವ್ಯಕ್ತಿಯನ್ನು ತಡೆಯುವ ಟೇಸರ್ ಉಪಕರಣ ಇಬ್ಬರ ಬಳಿಯೂ ಇರಲಿಲ್ಲ.

ಆ ಪೊಲೀಸರ ಮೇಲೆ ಕೊಲೆ ಆರೋಪ ಹೊರಿಸಿ ಎಂದು ಕುಟುಂಬ ಪಟ್ಟು ಹಿಡಿಯಲಿಲ್ಲ. ಅವರಿಗೆ ಸರಿಯಾದ ತರಬೇತಿಯನ್ನೂ ಸಲಕರಣೆಯನ್ನೂ ಕೊಡದೆ ಕಳಿಸಿದ ವ್ಯವಸ್ಥೆಯೇ ತಪ್ಪು ಮಾಡಿದೆ ಎಂಬುದು ಅವರ ವಾದ. 2021ರಲ್ಲಿ ನಗರಾಡಳಿತ 25 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಗಸ್ತಿನ ಪೊಲೀಸರಿಗೆಲ್ಲ ಟೇಸರ್ ಕೊಡುವುದಾಗಿಯೂ ಮಾತು ಕೊಟ್ಟಿತು.

ಇದೊಂದು ಅಪರೂಪದ ಘಟನೆಯಾಗಿದ್ದರೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ ಒಂದು ದಶಕ ಕಾಲ ಪೊಲೀಸ್ ಗುಂಡಿಗೆ ಬಲಿಯಾದವರ ಲೆಕ್ಕ ಇಟ್ಟಿತು. ಅದರ ಪ್ರಕಾರ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,000 ಜನ ಹೀಗೆ ಸಾಯುತ್ತಾರೆ. ಅವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದವು.

ಮಾತು 1: ‘ಮಾನಸಿಕ ಕಾಯಿಲೆ ಇರುವವರು ಅಪಾಯಕಾರಿ’

ತಪ್ಪು. ಅಮೆರಿಕದ ಅಧ್ಯಯನಗಳ ಅಂದಾಜಿನಂತೆ, ಸಮಾಜದಲ್ಲಿ ನಡೆಯುವ ಒಟ್ಟು ಹಿಂಸೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯಿಂದ ಉಂಟಾಗುವುದು ಶೇ 4ರಷ್ಟು ಮಾತ್ರ. ಉಳಿದದ್ದೆಲ್ಲ ಕುಡಿತ, ಮಾದಕವಸ್ತು, ಜಗಳ, ದ್ವೇಷ, ದುಡ್ಡು ಹೀಗೆ ನಮಗೆಲ್ಲ ಗೊತ್ತಿರುವ ಕಾರಣಗಳಿಂದ. ಈ ಕಾಯಿಲೆ ಇರುವವರು ಬೇರೆಯವರ ಮೇಲೆ ಕೈ ಮಾಡುವುದಕ್ಕಿಂತ ಬೇರೆಯವರಿಂದ ಪೆಟ್ಟು ತಿನ್ನುವುದೇ ಹೆಚ್ಚು.

ಹಾಗಾದರೆ ವಿಡಿಯೊದಲ್ಲಿ ಕಾಣುವ ಚಾಕು? ಚಾಕು ನಿಜ, ಅಪಾಯವೂ ನಿಜ. ಆದರೆ ಆ ಹೊತ್ತಿನಲ್ಲಿ ಅವರ ತಲೆಯೊಳಗೆ ಏನು ನಡೆಯುತ್ತಿರುತ್ತದೆ ಎಂಬುದು ವಿಡಿಯೊದಲ್ಲಿ ಕಾಣುವುದಿಲ್ಲ. ಭ್ರಮೆಗೆ ಒಳಗಾದ ವ್ಯಕ್ತಿಗೆ ಯಾರೂ ಆಡದ ಮಾತು ಕೇಳಿಸುತ್ತಿರಬಹುದು. ಎಲ್ಲರೂ ಸೇರಿ ತನ್ನನ್ನು ಕೊಲ್ಲಲು ಬಂದಿದ್ದಾರೆ ಎಂದು ಅನಿಸುತ್ತಿರಬಹುದು. ಚಾಕು ಹಿಡಿದಿರುವುದು ಅನೇಕ ಸಲ ಭಯದಿಂದ, ತನ್ನನ್ನು ಕಾಪಾಡಿಕೊಳ್ಳಲು.

ಅಂಥವರ ಎದುರು ಇಬ್ಬರು ಅಪರಿಚಿತರು ಪಿಸ್ತೂಲು ಹಿಡಿದು ಒಟ್ಟಿಗೇ ಕಿರುಚಿದರೆ ಏನಾಗುತ್ತದೆ? ಕಳ್ಳನಾದರೆ ಹೆದರಿ ಕೈ ಎತ್ತಬಹುದು. ಭ್ರಮೆಯಲ್ಲಿರುವವರಿಗೆ ತಾವು ಅಂದುಕೊಂಡಿದ್ದೇ ಸರಿ, ಇವರು ಕೊಲ್ಲಲೇ ಬಂದಿದ್ದಾರೆ ಎಂಬುದು ಖಾತ್ರಿಯಾಗುತ್ತದೆ. ಹೇಳಿದ ಮಾತು ಕೇಳದಿರುವುದನ್ನು ಪೊಲೀಸರು ಹಟ ಎಂದುಕೊಳ್ಳುತ್ತಾರೆ, ಆದರೆ ಅದು ಕಾಯಿಲೆಯ ಲಕ್ಷಣ.

ಮಾತು 2: ‘ಕಾಲಿಗೆ ಹೊಡೆದಿದ್ದರೆ ಬದುಕುತ್ತಿದ್ದ’

‘ಆರೋಪಿಯ ಕಾಲಿಗೆ ಗುಂಡು ಹಾರಿಸಿ ಬಂಧನ’ ಎಂಬ ಸುದ್ದಿಯನ್ನು ನಾವು ಕನ್ನಡ ವಾಹಿನಿಗಳಲ್ಲಿ ಆಗಾಗ ನೋಡುತ್ತೇವೆ. ಹಾಗಾಗಿ ಈ ಪ್ರಶ್ನೆ ಸಹಜ. ಆದರೆ ಕಾಲು ‘ಸುರಕ್ಷಿತ ಜಾಗ’ ಅಲ್ಲ. ತೊಡೆಯಲ್ಲಿ ದೊಡ್ಡ ರಕ್ತನಾಳವೊಂದಿದೆ. ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ರಕ್ತಸ್ರಾವದಿಂದ ಸಾವು ಬರಬಹುದು. ಜೊತೆಗೆ ಚಲಿಸುವ ಕಾಲು ಚಿಕ್ಕ ಗುರಿ. ಗಾಬರಿಯಲ್ಲಿ ಹಾರಿಸಿದ ಗುಂಡು ತಪ್ಪಿ ರಸ್ತೆಗೆ ತಾಗಿ ಸಿಡಿದರೆ ಪಕ್ಕದಲ್ಲಿರುವವರಿಗೆ ಬೀಳುತ್ತದೆ. ಫಿಲಡೆಲ್ಫಿಯಾದಲ್ಲಿ ಪಕ್ಕದಲ್ಲಿದ್ದವರು ತಾಯಿ. ಈ ಕಾರಣಗಳಿಂದಲೇ ಅಮೆರಿಕದ ಪೊಲೀಸರಿಗೆ, ಗುಂಡು ಹಾರಿಸಲೇಬೇಕಾದರೆ ಎದೆಯ ಭಾಗಕ್ಕೆ ಗುರಿ ಇಡಿ ಎಂದು ಕಲಿಸುತ್ತಾರೆ.

ಅಂದರೆ, ಬೆರಳು ಟ್ರಿಗರ್ ಮೇಲೆ ಬಂದ ಮೇಲೆ ಒಳ್ಳೆಯ ಆಯ್ಕೆಗಳು ಉಳಿದಿರುವುದಿಲ್ಲ. ಗುಂಡು ಎಲ್ಲಿಗೆ ಹೊಡೆಯಬೇಕಿತ್ತು ಎಂದು ಕೇಳುವ ಬದಲು, ಅದರ ಹಿಂದಿನ ನಿಮಿಷದಲ್ಲಿ ಏನಾಯಿತು ಎಂದು ಕೇಳಬೇಕು.

ಕಾನೂನೂ ಈಗ ಅದೇ ದಾರಿಯಲ್ಲಿದೆ. ಪೊಲೀಸರು ಬಲಪ್ರಯೋಗ ಮಾಡಿದ್ದು ಸರಿಯೇ ಎಂದು ನೋಡುವಾಗ ಅಪಾಯ ಎದುರಾದ ಆ ಕ್ಷಣವನ್ನಷ್ಟೇ ನೋಡಿದರೆ ಸಾಲದು, ಅದರ ಹಿಂದಿನ ಸಂದರ್ಭವನ್ನೆಲ್ಲ ನೋಡಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಬೇರೊಂದು ಪ್ರಕರಣದಲ್ಲಿ ಸರ್ವಾನುಮತದಿಂದ ಹೇಳಿತು.

21 ಅಡಿಯ ಲೆಕ್ಕ

ಆ ಒಂದು ನಿಮಿಷದ ಹಿಂದೆ ಒಂದು ಹಳೆಯ ಲೆಕ್ಕವಿದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬಂದು ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡ್ ಸಾಕು, ಪೊಲೀಸ್ ಪಿಸ್ತೂಲು ತೆಗೆದು ಹಾರಿಸಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು ಎಂಬುದು ಅವರ ಲೆಕ್ಕ. 21 ಅಡಿ ಎಂದರೆ ಸುಮಾರು ಎರಡೂವರೆ ಆಟೋ ಉದ್ದ.

ಟ್ಯೂಲರ್ ಕೊಟ್ಟದ್ದು ‘ದೂರ ಕಾಯ್ದುಕೊಳ್ಳಿ’ ಎಂಬ ಎಚ್ಚರಿಕೆ. ಆದರೆ ಬಾಯಿಂದ ಬಾಯಿಗೆ ಹೋಗುತ್ತಾ ಅದು ‘21 ಅಡಿಯೊಳಗೆ ಚಾಕು ಕಂಡರೆ ಗುಂಡು ಹಾರಿಸಬಹುದು’ ಎಂಬ ನಿಯಮದಂತಾಯಿತು. ಫಾರ್ವರ್ಡ್‌ಗಳಲ್ಲಿ ಸುದ್ದಿ ಬದಲಾಗುವುದೂ ಹೀಗೆಯೇ ಅಲ್ಲವೇ?

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಗಸ್ತಿನ ಪೊಲೀಸರ ಬಳಿ ಸಾಮಾನ್ಯವಾಗಿ ಪಿಸ್ತೂಲೇ ಇರುವುದಿಲ್ಲ. ಚಾಕು ಹಿಡಿದವರು ಅಲ್ಲೂ ಇದ್ದಾರೆ. 2015ರಲ್ಲಿ ಅಮೆರಿಕದ ಹಿರಿಯ ಪೊಲೀಸ್ ಅಧಿಕಾರಿಗಳ ತಂಡವೊಂದು ಸ್ಕಾಟ್ಲೆಂಡ್‌ಗೆ ಹೋಗಿ, ಅವರು ಇದನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡಿ ಬಂತು. ಮರುವರ್ಷ ಅಮೆರಿಕದ ಪೊಲೀಸ್ ಎಕ್ಸಿಕ್ಯೂಟಿವ್ ರಿಸರ್ಚ್ ಫೋರಂ ಎಂಬ ಸಂಸ್ಥೆ 21 ಅಡಿಯ ನಿಯಮವನ್ನು ಕೈಬಿಡಿ ಎಂದು ಹೇಳಿ ಹೊಸ ತರಬೇತಿ ರೂಪಿಸಿತು. ಅದರ ತಿರುಳು ಸರಳ: ಹಿಂದೆ ಸರಿಯಿರಿ, ಕಾರಿನಂಥದ್ದೇನಾದರೂ ಅಡ್ಡ ಇಟ್ಟುಕೊಳ್ಳಿ, ಒಬ್ಬರೇ ಮಾತಾಡಿ, ಅವಸರ ಬೇಡ.

ಹೀಗೆ ಮಾಡಿದರೆ ಪೊಲೀಸರ ಜೀವಕ್ಕೆ ಅಪಾಯವಲ್ಲವೇ? ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಈ ತರಬೇತಿಯ ಪರಿಣಾಮವನ್ನು ಸಂಶೋಧಕರು ಅಳೆದು 2022ರಲ್ಲಿ ಪ್ರಕಟಿಸಿದರು. ಬಲಪ್ರಯೋಗದ ಪ್ರಕರಣಗಳು ಶೇ 28ರಷ್ಟು ಕಡಿಮೆಯಾಗಿದ್ದವು. ಜನರಿಗೆ ಆಗುವ ಗಾಯಗಳು ಶೇ 26ರಷ್ಟು ಇಳಿದಿದ್ದವು. ಪೊಲೀಸರಿಗೆ ಆಗುವ ಗಾಯಗಳು ಅದಕ್ಕಿಂತಲೂ ಹೆಚ್ಚು, ಶೇ 36ರಷ್ಟು ಇಳಿದಿದ್ದವು.

ಪೊಲೀಸರೇ ಬರಬೇಕೇ?

1987ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಇನ್ನೊಬ್ಬ ತಾಯಿ ಮಗನಿಗೆ ಸಹಾಯ ಬೇಕೆಂದು ತುರ್ತು ಕರೆ ಮಾಡಿದ್ದರು. ಅವನ ಕೈಯಲ್ಲೂ ಚಾಕು ಇತ್ತು, ಅದರಿಂದ ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದ. ಅವನೂ ಪೊಲೀಸರ ಗುಂಡಿಗೆ ಬಲಿಯಾದ. ಅವನ ವಯಸ್ಸೂ 27. ಎರಡು ಘಟನೆಗಳ ನಡುವೆ 33 ವರ್ಷಗಳ ಅಂತರ.

ಜನರ ಆಕ್ರೋಶದ ನಂತರ ಮೆಂಫಿಸ್ ಪೊಲೀಸರು, ರೋಗಿಗಳ ಕುಟುಂಬಗಳ ಸಂಘಟನೆ ಮತ್ತು ವಿಶ್ವವಿದ್ಯಾಲಯಗಳು ಸೇರಿ 1988ರಲ್ಲಿ ಒಂದು ವಿಶೇಷ ತಂಡ ಕಟ್ಟಿದವು. ಸ್ವಇಚ್ಛೆಯಿಂದ ಮುಂದೆ ಬಂದ ಪೊಲೀಸರಿಗೆ 40 ಗಂಟೆಗಳ ತರಬೇತಿ. ಇಂಥ ಕರೆ ಬಂದರೆ ಅವರೇ ಹೋಗಬೇಕು. ಈ ಮಾದರಿ ಅಮೆರಿಕದಾದ್ಯಂತ ಹರಡಿತು. ಇದರಿಂದ ಪೊಲೀಸರ ತಿಳಿವಳಿಕೆ ಹೆಚ್ಚುತ್ತದೆ, ಹೆಚ್ಚು ಜನ ಜೈಲಿನ ಬದಲು ಚಿಕಿತ್ಸೆಗೆ ಹೋಗುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಓರೆಗಾನ್ ರಾಜ್ಯದ ಯೂಜೀನ್ ನಗರ 1989ರಲ್ಲಿ ಬೇರೆಯೇ ದಾರಿ ಹಿಡಿಯಿತು. ಅಲ್ಲಿ ಕರೆ ಬಂದರೆ ಒಂದು ವ್ಯಾನ್ ಹೋಗುತ್ತಿತ್ತು. ಅದರಲ್ಲಿ ಒಬ್ಬ ಆರೋಗ್ಯ ಸಿಬ್ಬಂದಿ ಮತ್ತು ಒಬ್ಬ ಆಪ್ತಸಲಹೆಗಾರ ಇರುತ್ತಿದ್ದರು, ಆಯುಧ ಇರುತ್ತಿರಲಿಲ್ಲ. 2019ರಲ್ಲಿ ಸುಮಾರು 24,000 ಕರೆಗಳು ಬಂದವು, ಪೊಲೀಸರ ನೆರವು ಬೇಕಾಗಿದ್ದು ಶೇ 2ಕ್ಕಿಂತ ಕಡಿಮೆ ಕರೆಗಳಲ್ಲಿ. ದುಡ್ಡಿನ ಕೊರತೆಯಿಂದ 2025ರ ಏಪ್ರಿಲ್‌ನಲ್ಲಿ ಯೂಜೀನ್‌ನ ಈ ಸೇವೆ ನಿಂತುಹೋಯಿತು. ಆದರೆ ಅದನ್ನು ನೋಡಿ ಡೆನ್ವರ್ ನಗರ 2020ರಲ್ಲಿ ಇಂಥದ್ದೇ ಸೇವೆ ಶುರು ಮಾಡಿತ್ತು. ಸೇವೆ ಸಿಗುತ್ತಿದ್ದ ಪ್ರದೇಶಗಳಲ್ಲಿ ಸಣ್ಣಪುಟ್ಟ ಅಪರಾಧಗಳ ದೂರು ಶೇ 34ರಷ್ಟು ಇಳಿದದ್ದು 2022ರ ಅಧ್ಯಯನದಲ್ಲಿ ಕಂಡುಬಂತು.

ಚಾಕು, ಬಂದೂಕು ಇದ್ದಲ್ಲಿಗೆ ಆಯುಧವಿಲ್ಲದ ತಂಡವೊಂದನ್ನೇ ಕಳಿಸಲಾಗುವುದಿಲ್ಲ, ನಿಜ. ಆದರೆ ಚಾಕು ಕೈಗೆ ಬರುವ ಮೊದಲೇ, ಮೊದಲ ಕರೆಗೇ ಇಂಥ ತಂಡ ಬಂದರೆ ಎಷ್ಟೋ ಸಲ ಪರಿಸ್ಥಿತಿ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಮಾತು 3: ‘ನಮ್ಮಲ್ಲಾದರೆ ಲಾಕಪ್‌ಗೆ ಹಾಕುತ್ತಿದ್ದರು’

ಹಾಗೆ ಹಾಕುವಂತಿಲ್ಲ. ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 100ನೇ ಸೆಕ್ಷನ್ ಪೊಲೀಸರ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ಅಥವಾ ಕಾಯಿಲೆಯಿಂದ ತಮಗೋ ಇತರರಿಗೋ ಅಪಾಯ ತರಬಹುದಾದವರನ್ನು ಠಾಣಾಧಿಕಾರಿ ತಮ್ಮ ರಕ್ಷಣೆಗೆ ತೆಗೆದುಕೊಳ್ಳಬೇಕು. ಯಾಕೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ಅವರಿಗೆ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಕಾರಣಕ್ಕೂ ಅವರನ್ನು ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.

ಅಂದರೆ ಈ ಕಾನೂನಿನ ಕಣ್ಣಲ್ಲಿ ಅವರು ಆರೋಪಿಯಲ್ಲ, ರೋಗಿ. ನಿಮಗೆ ಗೊತ್ತಿರುವವರಿಗೆ ಹೀಗಾದರೆ ಠಾಣೆಯಲ್ಲಿ ಈ ಸೆಕ್ಷನ್ ಸಂಖ್ಯೆಯನ್ನು ಧೈರ್ಯವಾಗಿ ಹೇಳಿ.

ಮನೆಯಲ್ಲೋ ಬೀದಿಯಲ್ಲೋ ಹೀಗಾದರೆ ಏನು ಮಾಡಬೇಕು?

• ಗುಂಪು ಚದುರಿಸಿ. ಸುತ್ತ ನಿಂತು ಮೊಬೈಲ್ ಹಿಡಿದವರೆಲ್ಲ ಅವರ ಕಣ್ಣಿಗೆ ಶತ್ರುಗಳಂತೆ ಕಾಣಬಹುದು.
• ಒಬ್ಬರೇ ಮಾತಾಡಿ, ಅದೂ ಅವರಿಗೆ ಪರಿಚಿತರು. ಹೆಸರು ಹಿಡಿದು, ಮೆಲ್ಲಗೆ, ಚಿಕ್ಕ ಚಿಕ್ಕ ಮಾತುಗಳಲ್ಲಿ. ಉತ್ತರಕ್ಕೆ ಕಾಯಿರಿ.
• ದೂರ ಇರಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಹಿಂದಿನಿಂದ ಹೋಗಿ ಹಿಡಿಯಬೇಡಿ.
• ‘ಅಂಥದ್ದೇನೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ವಾದಕ್ಕಿಳಿಯಬೇಡಿ. ‘ಭಯ ಆಗ್ತಿದೆ ಅಲ್ವಾ, ನಾನಿದ್ದೀನಿ’ ಎಂದರೆ ಸಾಕು.
• ಮಕ್ಕಳನ್ನೂ ಹರಿತವಾದ ವಸ್ತುಗಳನ್ನೂ ಅಲ್ಲಿಂದ ಆಚೆ ಸಾಗಿಸಿ.
• ಪರಿಸ್ಥಿತಿ ಕೈಮೀರುವ ಮೊದಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸೇವೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಇದರ ಮಾರ್ಗದರ್ಶಕ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್.
• ಜೀವಕ್ಕೆ ಅಪಾಯ ಇದ್ದರೆ 112 ಅಥವಾ ಆಂಬುಲೆನ್ಸ್‌ಗೆ 108. ಕರೆಯಲ್ಲಿ ‘ಗಲಾಟೆ ಮಾಡ್ತಿದ್ದಾನೆ, ಬೇಗ ಬನ್ನಿ’ ಎಂದಷ್ಟೇ ಹೇಳಬೇಡಿ. ‘ಇವರಿಗೆ ಮಾನಸಿಕ ಕಾಯಿಲೆ ಇದೆ, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ನಿಲ್ಲಿಸಿದ್ದಾರೆ, ಕೈಯಲ್ಲಿ ಇಂಥದ್ದು ಇದೆ, ಜೋರು ದನಿಗೆ ಹೆದರುತ್ತಾರೆ’ ಎಂದು ಹೇಳಿ. ಬರುವವರು ಎದುರಿಗಿರುವುದು ರೋಗಿ ಎಂದು ತಿಳಿದು ಬರುವುದಕ್ಕೂ ಅಪರಾಧಿ ಎಂದುಕೊಂಡು ಬರುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಹಾಗಾದರೆ ತೀರ್ಪು?

ಮೊದಲ ಮಾತು ತಪ್ಪು. ಎರಡನೆಯದು ತಡವಾಗಿ ಕೇಳಿದ ಪ್ರಶ್ನೆ. ಮೂರನೆಯದು ಕಾನೂನಿಗೆ ವಿರುದ್ಧ.

ಇನ್ನು ಆ ವಿಡಿಯೊ. ಅದರಲ್ಲಿರುವುದು ಒಬ್ಬ ಮಗನ ಕೊನೆಯ ನಿಮಿಷ, ಒಬ್ಬ ತಾಯಿಯ ಕಣ್ಣೆದುರು ನಡೆದದ್ದು. ಮುಂದಿನ ಸಲ ಅಂಥದ್ದೊಂದು ನಿಮ್ಮ ಗುಂಪಿಗೆ ಬಂದಾಗ ಅದನ್ನು ಅಲ್ಲಿಗೇ ನಿಲ್ಲಿಸಿ. ಬದಲಿಗೆ 14416 ಎಂಬ ಸಂಖ್ಯೆಯನ್ನು ಕಳಿಸಿ. ಆ ಗುಂಪಿನಲ್ಲಿ ಯಾರ ಮನೆಯಲ್ಲಿ ಅದರ ಅಗತ್ಯವಿದೆಯೋ ನಮಗೂ ನಿಮಗೂ ಗೊತ್ತಿರುವುದಿಲ್ಲ.